ಐವತ್ತೆರಡನೇ ಪುಟದ ಹೆಂಗಸು

"ಸೈನ್ ಹಾಕಿ ಅಣ್ಣ... ಯಾಕೆ, ಪೆನ್ನು ಓಡ್ತಿಲ್ವಾ?"

ಹೇಗೆ ಓಡುತ್ತದೆ?

ಮೇಜಿನ ಮೇಲೆ ನಾನು ಬರೆದ ಪುಸ್ತಕ. ಮೇಜಿನ ಕೆಳಗೆ ಅವನ ಚಾಕು! ಕಾಫಿ ಗಿಡ ಸವರುವ ಬಾಗು ಚಾಕು. ಅದರ ತುದಿ ಶರ್ಟು ದಾಟಿ ನನ್ನ ಹೊಟ್ಟೆಗೆ ತಾಗುತ್ತಿತ್ತು.

ಹಾಡಹಗಲು ಸಾರ್! ಬೆಳಿಗ್ಗೆ ಹನ್ನೊಂದು ಗಂಟೆ. ಕುಶಾಲನಗರದ ಸಭಾಭವನದಲ್ಲಿ ಪುಸ್ತಕ ಮೇಳ. 'ಓದು ಕಲಿಯೋಣ, ಅಪರಾಧ ತಡೆಯೋಣ' ಅಂತ ದೊಡ್ಡ ಬ್ಯಾನರ್. ಜಿಲ್ಲೆಯ ಲೇಖಕರೆಲ್ಲ ಮಳಿಗೆ ಹಾಕಿ ಕೂತಿದ್ದರು. ಪೊಲೀಸರು ಮುಂದಿನ ಸಾಲಿನಲ್ಲಿ ಕೂತು ವೇದಿಕೆ ಮೇಲಿನ ಭಾಷಣ ಕೇಳುತ್ತಿದ್ದರು.

ಒಬ್ಬರಾದರೂ ಹಿಂದೆ ತಿರುಗಿ ನೋಡಬೇಕಲ್ಲ!

ನನ್ನ ಹೆಸರು ಪುಟ್ಟರಾಜು. ಎಸ್ಟೇಟುಗಳಲ್ಲಿ ಕರಿಮೆಣಸು ಕಳುವಾದರೆ ಪೊಲೀಸರಿಗಿಂತ ಮೊದಲು ಮಾಲೀಕರು ಕರೆಯುವುದು ನನ್ನನ್ನು. ಹಿಡಿದ ಕಳ್ಳರ ಕತೆಗಳನ್ನೆಲ್ಲ ಸೇರಿಸಿ ಹೋದ ವರ್ಷ ಒಂದು ಪುಸ್ತಕ ಮಾಡಿದೆ. ಅಂದಿನಿಂದ ನಾನೂ ಲೇಖಕ.

"ಗುರುತು ಸಿಕ್ತಾ?" ಅಂದ.

ಸಿಕ್ಕಿತ್ತು. ಅನಿಲ್‌ಕುಮಾರ್. ಮೆಣಸು ಕೊಯ್ಯುವ ಗ್ಯಾಂಗಿನ ಮೇಸ್ತ್ರಿಯಾಗಿದ್ದವನು. ಮೂರು ವರ್ಷದ ಹಿಂದೆ ತಿತಿಮತಿ ಹತ್ತಿರದ ಎಸ್ಟೇಟಿನಲ್ಲಿ ಮೆಣಸಿನ ಮೂಟೆ ಸಾಗಿಸುವಾಗ, ಅಡ್ಡ ಬಂದ ವಾಚ್‌ಮನ್ ಕಾಳನ ಎರಡೂ ಕಾಲು ಮುರಿದಿದ್ದ. ಅವನನ್ನು ಮಾಲು ಸಮೇತ ಹಿಡಿದು ಜೈಲಿಗೆ ಕಳಿಸಿದವನು ನಾನೇ.

"ನಿಂಗೆ ಓದೋಕೆ ಬರ್ತಿರ್ಲಿಲ್ಲವಲ್ಲೋ!"

"ಜೈಲಲ್ಲಿ ಕಲ್ಸಿದ್ರು. ಅಕ್ಷರ ಕೂಡಿಸ್ಕೊಂಡು ಮೊದ್ಲು ಓದಿದ್ ಪುಸ್ತಕ ಯಾವ್ದು ಗೊತ್ತಾ? ನಿಮ್ದೇ! ಜೈಲಿನ ಲೈಬ್ರರಿಗೆ ಹತ್ತು ಕಾಪಿ ಕೊಟ್ಟು ಫೋಟೋ ಹೊಡಿಸ್ಕೊಂಡ್ರಲ್ಲ?"

ಹೊಡೆಸಿಕೊಂಡಿದ್ದೆ. ಅದನ್ನು ಫ್ರೇಮ್ ಹಾಕಿಸಿ ಮನೆಯಲ್ಲೂ ಇಟ್ಟಿದ್ದೇನೆ.

"ಐವತ್ತೆರಡನೇ ಪುಟ ತೆಗೀರಿ."

ತೆಗೆದೆ. ಒಂದು ಸಾಲಿನ ಕೆಳಗೆ ಉಗುರಿನಿಂದ ಗೀರಿದ. ನಾನೇ ಬರೆದ ಸಾಲು.

'ಸುಳಿವು ಕೊಟ್ಟವಳನ್ನು ಗೌರಿ ಎಂದು ಕರೆಯೋಣ. ಎಲ್ಲರೂ ಎಡಗೈಯಲ್ಲಿ ಕೊಂಬೆ ಬಗ್ಗಿಸಿ ಬಲಗೈಯಲ್ಲಿ ಕಾಫಿ ಹಣ್ಣು ಕೊಯ್ದರೆ, ಇವಳದು ಉಲ್ಟಾ. ಎಡಗೈ ಓಡುವ ವೇಗ ನೋಡುತ್ತಾ ನಿಂತುಬಿಟ್ಟಿದ್ದೆ...'

"ಹೆಸ್ರು ಬದಲಾಯಿಸಿದೀರ. ಊರು ಬದಲಾಯಿಸಿದೀರ. ಆದ್ರೆ ಆ ಎಸ್ಟೇಟಲ್ಲಿ ಎಡಗೈಲಿ ಕುಯ್ಯೋಳು ಒಬ್ಳೇ ಅಣ್ಣ. ತುಳಸಿ!"

ಆ ಸಾಲನ್ನು ಇನ್ನೊಮ್ಮೆ ಓದಿದೆ.

ಕಾಫಿ ಕೊಯ್ಲಿನ ಸಮಯದಲ್ಲಿ ಎಸ್ಟೇಟಿನ ಸಾಲಿನಲ್ಲಿ ನಿಂತು ನೋಡಿದವನಿಗೆ ಮುಖ ಕಾಣುವುದಿಲ್ಲ. ಎಲ್ಲ ತಲೆಗೆ ಬಟ್ಟೆ ಕಟ್ಟಿಕೊಂಡು ಗಿಡದೊಳಗೆ ಮುಳುಗಿರುತ್ತಾರೆ. ಯಾರು ಯಾರೆಂದು ತಿಳಿಯುವುದು ಕೈ ನೋಡಿಯೇ. ನನಗದು ಗೊತ್ತಿತ್ತು. ಗೊತ್ತಿದ್ದೂ ಬರೆದೆ! ಸಾಲು ಚೆನ್ನಾಗಿತ್ತು ಸಾರ್... ಕಿತ್ತು ಹಾಕೋಕೆ ಮನಸ್ಸು ಬರಲಿಲ್ಲ.

"ನನ್ನ ಹೆಸ್ರು ಎಲ್ಲೂ ಬರಬಾರ್ದು ಅಣ್ಣ. ಕೂಲಿಯವರ ಲೈನ್ ಮನೇಲಿ ಒಬ್ಳೇ ಇರೋಳು ನಾನು" ಅಂತ ಅವಳು ಸುಳಿವು ಕೊಟ್ಟ ದಿನ ಕೈಮುಗಿದಿದ್ದಳು. ಇವನ ಬಿಡುಗಡೆಯಾಗಿದೆ ಅನ್ನುವ ಸುದ್ದಿ ನನಗೆ ಎರಡು ವಾರದ ಹಿಂದೆಯೇ ಬಂದಿತ್ತು. ಒಂದು ಫೋನ್ ಮಾಡಿ ಹುಷಾರು ಅನ್ನಬಹುದಿತ್ತು. ಮಾಡಲಿಲ್ಲ. ಆ ದಿನ ಮೇಳದ ಬ್ಯಾನರಿಗೆ ನನ್ನ ಫೋಟೋ ಆರಿಸುತ್ತಾ ಕೂತಿದ್ದೆ.

"ಏನ್ ಬೇಕು ನಿಂಗೆ?"

"ಲೈನಲ್ಲಿ ಕೇಳ್ದೆ. ಟೀಚರ್ ಜೊತೆ ಮೇಳಕ್ಕೆ ಹೋಗಿದಾಳೆ ಅಂದ್ರು. ನಾನು ಕರೆದ್ರೆ ಬರಲ್ಲ. ನೀವು ಕರೆದ್ರೆ ಬರ್ತಾಳೆ. ಹಾಲ್ ಹಿಂದಕ್ಕೆ ಕರ್ಕೊಂಡ್ ಬನ್ನಿ, ಅಷ್ಟೇ!"

"ಅವ್ಳು ಇನ್ನೂ ಬಂದಿಲ್ಲ. ಮಧ್ಯಾಹ್ನದ ಬಸ್ಸಿಗೆ ಬರ್ತಾಳೆ."

ಸುಳ್ಳು ಹೇಳುವುದು ನನ್ನ ಕಸುಬು. ಅವನು ನಂಬಿದ. ಚಾಕು ಅರ್ಧ ಇಂಚು ಹಿಂದೆ ಸರಿಯಿತು...

ಆಗಲೇ ಮೈಕ್ ಕಿರುಚಿತು.

"ಈಗ ನಮ್ಮ ಹೊಸ ಓದುಗರ ಸರದಿ! ತಿತಿಮತಿಯ ಶ್ರೀಮತಿ ತುಳಸಿಯವರು ತಾವು ಮೆಚ್ಚಿದ ಒಂದು ಪುಟ ಓದುತ್ತಾರೆ. ಜೋರಾದ ಚಪ್ಪಾಳೆ!"

ಅನಿಲ ನನ್ನ ಮುಖ ನೋಡಿದ. ನಕ್ಕ.

ನಾನು ಮೇಜನ್ನೇ ಎತ್ತಿ ಅವನ ಮೇಲೆ ಮಗುಚಿದೆ! ಪುಸ್ತಕಗಳೆಲ್ಲ ಚೆಲ್ಲಾಪಿಲ್ಲಿ. ಅವನು ಎದ್ದ, ಪಕ್ಕದ ಬಾಗಿಲಿನಿಂದ ಹೊರಗೆ ಹಾರಿದ. ನಾನು ಹಿಂದೆ ಓಡಿದೆ. ನನ್ನದೇ ಪುಸ್ತಕ ತುಳಿದು, ಜಾರಿ, ಮುಗ್ಗರಿಸಿ ಬಿದ್ದೆ!

ಆ ಎರಡು ನಿಮಿಷ ಸಾಕಾಯಿತು ಅವನಿಗೆ.

ವೇದಿಕೆಯ ಹಿಂದೆ ವನಜಮ್ಮ ಟೀಚರ್ ಗೋಡೆ ಹಿಡಿದು ನಿಂತಿದ್ದರು. ರಿಟೈರ್ ಆದ ಮೇಲೂ ಲೈನ್ ಮನೆಗಳಿಗೆ ಹೋಗಿ ಅಕ್ಷರ ಕಲಿಸುವ ಹೆಂಗಸು. ಕನ್ನಡಕ ನೆಲದಲ್ಲಿ ಒಡೆದು ಬಿದ್ದಿತ್ತು.

"ಪುಟ್ಟರಾಜು! ತುಳಸಿ ವೇದಿಕೆ ಹತ್ತೋಕೆ ಮುಂಚೆನೇ ಎಳ್ಕೊಂಡು ಹೋದ ಕಣೋ! ಬಿಳಿ ಪಿಕಪ್ಪು... ಹಾರಂಗಿ ರೋಡು!"

"ಎಸ್ಐ ಮೇಡಂಗೆ ಹೇಳಿ ಟೀಚರ್!"

ನನ್ನ ಬೈಕು ಎಲ್ಲೋ ನೂರು ಬೈಕುಗಳ ನಡುವೆ ಸಿಕ್ಕಿಕೊಂಡಿತ್ತು. ಎದುರಿಗೆ ನಿಂತಿದ್ದದ್ದು ಒಂದೇ ಗಾಡಿ. ಪೊಲೀಸರ ಜಾಗೃತಿ ವ್ಯಾನು! ಮೇಲೆ ಲೌಡ್‌ಸ್ಪೀಕರ್, ಮೈತುಂಬ ಪೋಸ್ಟರ್. ಕೀ ಅದರಲ್ಲೇ ಇತ್ತು. ಡ್ರೈವರ್ ಸಭಾಭವನದೊಳಗೆ ಉಪ್ಪಿಟ್ಟು ತಿನ್ನುತ್ತಿದ್ದ.

ಹತ್ತಿದೆ. ತಿರುಗಿಸಿದೆ. ಲೌಡ್‌ಸ್ಪೀಕರ್ ತಾನಾಗಿಯೇ ಶುರುವಾಯಿತು!

"ಸಾರ್ವಜನಿಕರೇ... ಅಪರಿಚಿತರಿಗೆ ಒಟಿಪಿ ಹೇಳಬೇಡಿ..."

ಎಲ್ಲಾ ಬಟನ್ ಒತ್ತಿದೆ. ನಿಲ್ಲಲಿಲ್ಲ. ಸಾಯಲಿ ಅತ್ಲಾಗೆ ಅಂತ ಆಕ್ಸಿಲರೇಟರ್ ತುಳಿದೆ. ಆಟೋದವರು ಬೈದರು. ಒಬ್ಬ ಹಣ್ಣಿನ ಗಾಡಿಯವನು ಪುಣ್ಯಕ್ಕೆ ಪಕ್ಕಕ್ಕೆ ಹಾರಿದ. ಭಾನುವಾರ ಬೇರೆ! ಡ್ಯಾಮ್ ನೋಡಲು ಹೊರಟವರ ಕಾರುಗಳು ಸಾಲುಸಾಲು. ದೂರದಲ್ಲಿ ಬಿಳಿ ಪಿಕಪ್ ಕಂಡಿತು. ಗೆಳೆಯನೊಬ್ಬ ಓಡಿಸುತ್ತಿದ್ದ. ಪಕ್ಕದಲ್ಲಿ ಅನಿಲ, ಅವನ ಕಂಕುಳಲ್ಲಿ ಒಂದು ಕೆಂಪು ಸೀರೆಯ ಸೆರಗು.

"...ಕಣ್ಣಾರೆ ಕಂಡ ಅಪರಾಧವನ್ನು ಧೈರ್ಯವಾಗಿ ತಿಳಿಸಿ. ಹೇಳಿದವರ ಗುರುತನ್ನು ಗುಟ್ಟಾಗಿ ಇಡಲಾಗುವುದು..."

"ಮುಚ್ಚೋ ಬಾಯಿ!" ಅಂತ ಕಿರುಚಿದೆ, ಆ ರೆಕಾರ್ಡಿಗೆ.

ಕಾರುಗಳು ನಿಂತುಬಿಟ್ಟವು. ಪಿಕಪ್ ಎಡಕ್ಕೆ ಹೊರಳಿ ನಾಲೆ ಏರಿಯ ಮಣ್ಣಿನ ದಾರಿ ಹಿಡಿಯಿತು. ಅಲ್ಲೇ ಅವರು ಕೆಟ್ಟರು! ನಮ್ಮಪ್ಪ ಹಾಸನದ ಕಡೆಯಿಂದ ಬಂದು ಆ ನಾಲೆಯ ಕೆಳಗೇ ಗದ್ದೆ ಮಾಡಿದವನು. ಆ ದಾರಿ ಮುಂದೆ ತೂಬಿನ ಹತ್ತಿರ ಮುಗಿಯುತ್ತದೆ. ವಾಪಸ್ ತಿರುಗಿಸಲೂ ಜಾಗ ಇಲ್ಲ.

ಪಿಕಪ್ ನಿಂತಿತು. ಲೌಡ್‌ಸ್ಪೀಕರ್ ಕೇಳಿ ಪೊಲೀಸರೇ ಬಂದರು ಅಂದುಕೊಂಡ ಗೆಳೆಯ ಬಾಗಿಲು ತೆಗೆದು ಗದ್ದೆಗೆ ಬಿದ್ದು ಓಡಿದ. ಅನಿಲ ತುಳಸಿಯನ್ನು ಎಳೆದು ನಾಲೆಯ ಅಂಚಿಗೆ ತಂದ. ನೀರು ತುಂಬಿ ಹರಿಯುತ್ತಿತ್ತು.

"ಹತ್ರ ಬಂದ್ರೆ ಕುಯ್ದಾಕ್ತೀನಿ!"

ಅವನು ಪುಸ್ತಕವನ್ನು ಚೆನ್ನಾಗಿಯೇ ಓದಿದ್ದ ಸಾರ್. ಹಿಡಿದಿದ್ದು ಅವಳ ಎಡಗೈಯನ್ನು. ತಿರುಚಿ ಬೆನ್ನಿಗೆ ಒತ್ತಿ ಹಿಡಿದಿದ್ದ. ಇನ್ನೊಂದು ಕೈಯ ಚಾಕು ಅವಳ ಕುತ್ತಿಗೆಯ ಹತ್ತಿರ.

"ಅನಿಲ, ನಿನ್ನ ಹಿಡಿದುಕೊಟ್ಟಿದ್ದು ನಾನು. ನನ್ನ ಕುಯ್ಯಿ! ಅವ್ಳನ್ನ ಬಿಡು."

"ಮೂರು ವರ್ಷ ಅಣ್ಣ! ನನ್ ಅವ್ವ ಸತ್ತಾಗ ಮಣ್ಣು ಹಾಕೋಕೂ ಬರಲಿಲ್ಲ ನಾನು. ಇವ್ಳ ಬಾಯಿಂದ!"

"ಇವ್ಳ ಬಾಯಲ್ಲ ಕಣೋ... ನನ್ ಬಾಯಿ. ಇವ್ಳು ಗುಟ್ಟಾಗಿ ಹೇಳಿದ್ದನ್ನ ಊರಿಗೆಲ್ಲ ಹಂಚಿದ್ದು ನಾನು!"

ಒಂದು ಕ್ಷಣ ಅವನ ಕಣ್ಣು ನನ್ನ ಕಡೆ ತಿರುಗಿತು. ತುಳಸಿ ಬಗ್ಗಿ, ಚಾಕು ಹಿಡಿದ ಅವನ ಕೈಯನ್ನು ಕಚ್ಚಿದಳು! ಅವನು ಕೂಗಿದ. ನಾನು ಹಾರಿದೆ. ಚಾಕು ನನ್ನ ಮುಂಗೈಯನ್ನು ಉದ್ದಕ್ಕೆ ಸೀಳಿತು. ಬಿಡಲಿಲ್ಲ. ಅವನ ತಲೆಯನ್ನು ಪಿಕಪ್ಪಿನ ಬಾನೆಟ್ಟಿಗೆ ಒಂದು ಸಲ ಅಪ್ಪಳಿಸಿದೆ... ಇನ್ನೊಂದು ಸಲ ಅಪ್ಪಳಿಸಿದೆ. ಎರಡನೆಯದರ ಅಗತ್ಯ ಇರಲಿಲ್ಲ. ಅದು ನನ್ನ ಮೇಲಿನ ಸಿಟ್ಟು.

ಎಸ್ಐ ದಿವ್ಯಶ್ರೀ ಜೀಪಿನಲ್ಲಿ ಬಂದಿಳಿದಾಗ ಅವನು ಬೂದಿ ಬಣ್ಣದ ಮಣ್ಣಿನಲ್ಲಿ ಮಕಾಡೆ ಮಲಗಿದ್ದ. ವ್ಯಾನು ಇನ್ನೂ ಒಟಿಪಿ ವಿಷಯ ಹೇಳುತ್ತಲೇ ಇತ್ತು.

"ಏನ್ರೀ ಪುಟ್ಟರಾಜು, ನಮ್ ಗಾಡಿ ಕದ್ರಾ?" ಅಂದರು. ಆಮೇಲೆ ನನ್ನ ಕೈ ನೋಡಿ ಜೀಪಿನಿಂದ ಫಸ್ಟ್ ಏಡ್ ಡಬ್ಬ ತೆಗೆದರು.

ತುಳಸಿ ಏರಿಯ ಮೇಲೆ ಕೂತಿದ್ದಳು. ನಾನು ಹತ್ತಿರ ಹೋದೆ.

"ಏನೂ ಆಗಿಲ್ಲ ತಾನೇ ತಾಯಿ?"

ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಹೆಸ್ರು ಬರೆಯಲ್ಲ ಅಂದಿದ್ರಿ."

"ಬರ್ದಿಲ್ಲ ತುಳಸಿ... ಹೆಸ್ರು ಬರ್ದಿಲ್ಲ."

"ನನ್ ಕೈ ಬರ್ದಿದೀರಲ್ಲ."

"ಓದಿದ್ಯಾ?"

"ಟೀಚರಮ್ಮ ಓದೋಕೆ ಕೊಟ್ಟಿದ್ರು. ಆ ಒಂದು ಪುಟಕ್ಕೆ ಹದಿನೈದು ದಿನ ಬೇಕಾಯ್ತು. ಮುಗ್ಸಿದ್ ದಿನ ಗೊತ್ತಾಯ್ತು, ಇದು ನಾನೇ ಅಂತ. ಅವತ್ತಿಂದ ಬಾಗ್ಲಿಗೆ ಎರಡು ಚಿಲ್ಕ ಹಾಕ್ಕೊಂಡು ಮಲಗ್ತೀನಿ."

"ಮತ್ತೆ ಇವತ್ತು ಯಾಕೆ ಬಂದೆ?"

"ಅದೇ ಪುಟ ಓದೋಕೆ. ಮೈಕಲ್ಲಿ. ನೀವು ಎದುರಿಗೆ ಕೂತಿರ್ತೀರಿ ಅಂದ್ರು. ನಿಮ್ ಮುಖ ನೋಡ್ಕೊಂಡು ಓದ್ಬೇಕು ಅಂತ ಬಂದೆ."

ಜೀವಮಾನದಲ್ಲಿ ಬಹಳ ಒದೆ ತಿಂದಿದ್ದೇನೆ ಸಾರ್. ಇಷ್ಟು ಬಲವಾಗಿ ಯಾರೂ ಹೊಡೆದಿರಲಿಲ್ಲ.

"ತಪ್ಪಾಯ್ತು ತುಳಸಿ" ಅಂದೆ. "ನನ್ನಿಂದ ದೊಡ್ಡ ತಪ್ಪಾಯ್ತು."

ಅವಳು ಎದ್ದು ಹೋಗಿ ಎಸ್ಐ ಜೀಪಿನಲ್ಲಿ ಕೂತಳು. ಅವತ್ತೇ ವನಜಮ್ಮ ಟೀಚರ್ ಅವಳನ್ನು ಮಡಿಕೇರಿಗೆ, ತಮ್ಮ ತಂಗಿಯ ಮನೆಗೆ ಕರೆದುಕೊಂಡು ಹೋದರು. ಲೈನ್ ಮನೆ ಬಿಟ್ಟಳು. ಎಸ್ಟೇಟ್ ಕೆಲಸ ಬಿಟ್ಟಳು. ಹನ್ನೆರಡು ವರ್ಷ ಇದ್ದ ಜಾಗ ಅದು. ಕಳ್ಳನಿಂದಲ್ಲ, ನನ್ನಿಂದ ಬಿಟ್ಟದ್ದು.

ನಾನು ಕೈಗೆ ಹೊಲಿಗೆ ಹಾಕಿಸಿಕೊಂಡು ಮೇಳಕ್ಕೆ ವಾಪಸ್ ಬಂದೆ. ಮಾರಾಟದ ಕೌಂಟರಿಗೆ ಹೋದೆ. ನನ್ನ ಪುಸ್ತಕ ಎಷ್ಟಿದೆಯೋ ಅಷ್ಟನ್ನೂ ಕಟ್ಟಿಕೊಡಿ ಅಂದೆ. ಕೌಂಟರಿನ ಹುಡುಗಿ ಹರ್ಷಿತಾ ಕಣ್ಣರಳಿಸಿದಳು.

"ಅಷ್ಟೂನಾ ಸಾರ್? ಯಾರಿಗೆ?"

"ಒಲೆಗೆ" ಅಂದೆ. ತಮಾಷೆ ಅಂದುಕೊಂಡಳು.

ಜೈಲಿನ ಲೈಬ್ರರಿಗೂ ಮರುದಿನ ಹೋದೆ. ಹತ್ತರಲ್ಲಿ ಒಂಬತ್ತು ವಾಪಸ್ ಸಿಕ್ಕಿತು. ಇನ್ನೊಂದು ಎಲ್ಲಿದೆಯೋ, ಯಾರು ಓದುತ್ತಿದ್ದಾರೋ ಗೊತ್ತಿಲ್ಲ. ಆ ಯೋಚನೆಯಲ್ಲಿ ಈಗಲೂ ಊಟ ಸೇರುವುದಿಲ್ಲ.

ಆ ಭಾನುವಾರ ಸಂಜೆ, ಮೇಳ ಮುಗಿಯುವಾಗ ನನ್ನ ಹೆಸರು ಕೂಗಿದರು. ಬಲವಂತವಾಗಿ ವೇದಿಕೆಗೆ ಹತ್ತಿಸಿ, ಬ್ಯಾಂಡೇಜ್ ಕೈ ಮೇಲೆಯೇ ಶಾಲು ಹೊದಿಸಿದರು. ಮೇಳದಲ್ಲಿ ಅತಿ ಹೆಚ್ಚು ಮಾರಾಟವಾದ ಪುಸ್ತಕ ನನ್ನದಂತೆ!

ಕೊಂಡವನು ನಾನೊಬ್ಬನೇ. ಪೂರ್ತಿ ಮನಸ್ಸಿಟ್ಟು ಓದಿದವರು ಇಬ್ಬರು... ಒಬ್ಬ ಲಾಕಪ್ಪಿನಲ್ಲಿದ್ದಾನೆ, ಇನ್ನೊಬ್ಬಳು ನನ್ನ ಜೊತೆ ಮಾತಾಡುವುದಿಲ್ಲ.