ಬಚ್ಚಲಿಗೆ ಹೋದ ಹೊಸಿಲು

"ಕಾಲು ಊರು ಅಜ್ಜಿ. ಕೆಳಗೆ ಕಲ್ಲೈತೆ, ಜಾರಲ್ಲ."

ದಾಕ್ಷಿ ಹೇಳಿದ್ದೇ ತಡ, ಶಾಂತಮಲ್ಲಮ್ಮಜ್ಜಿ ಹೊಸ ಬಚ್ಚಲಿನ ಕಲ್ಲಿನ ಮೇಲೆ ಬಲಗಾಲು ಇಟ್ಟಳು. ಇಟ್ಟವಳೇ ಕೆಂಡ ತುಳಿದವಳ ಹಾಗೆ ಹಿಂದಕ್ಕೆ ಎಳೆದುಕೊಂಡಳು.

"ಏನಾಯ್ತಜ್ಜಿ? ಚುಚ್ತಾ?"

ಅಜ್ಜಿ ಗೋಡೆ ಹಿಡಿದು ಮೆಲ್ಲಗೆ ಕುಕ್ಕರುಗಾಲಲ್ಲಿ ಕೂತು ಕಲ್ಲನ್ನು ಅಂಗೈಯಿಂದ ಸವರಿದಳು. ಅಜ್ಜಿಗೆ ಎರಡು ಕಣ್ಣೂ ಕಾಣಿಸುವುದಿಲ್ಲ. ಏನಿದ್ದರೂ ಕೈಯಲ್ಲಿ, ಕಾಲಲ್ಲೇ ನೋಡಬೇಕು. ಬಲಗಡೆ ಮೂಲೆಯಲ್ಲಿ ಚಕ್ಕೆ ಎದ್ದಿದ್ದ ಜಾಗಕ್ಕೆ ಬಂದು ಅವಳ ಬೆರಳು ನಿಂತವು.

"ಇದು ನಮ್ಮ ಒಸ್ಲು ಕಣಮ್ಮಿ," ಅಂದಳು. "ನಿಮ್ಮ ತಾತ ನೇಗಿಲು ಬೀಳಿಸಿ ಎದ್ದಿದ್ ಚಕ್ಕೆ ಇಲ್ಲೇ ಐತೆ. ಅಯ್ಯೋ ಶಿವನೇ, ಒಸ್ಲ ಮ್ಯಾಲೆ ನಿಂತ್ಕಂಡು ಮೈ ತೊಳ್ಕಳದಾ?"

ತಾನು ಮಾಡಿದ ಎಡವಟ್ಟು ದಾಕ್ಷಿಗೆ ಆಗ ಹೊಳೆಯಿತು.

ಹರವೆ ಊರಿನ ಆ ಇಟ್ಟಿಗೆ ಮನೆಗೆ ಎಂಬತ್ತು ವರ್ಷವಾಗಿತ್ತು. ಮುಂದಿನ ಗೋಡೆ ಬಿರುಕು ಬಿಟ್ಟು, ತೊಲೆಗೆ ಗೆದ್ದಲು ಹತ್ತಿದ ಮೇಲೆ ಅಪ್ಪ ಸೋಮಶೇಖರ್ ರಿಪೇರಿಗೆ ಇಳಿದಿದ್ದರು. ಎರಡು ತಿಂಗಳಿಂದ ಮನೆಮಂದಿಯೆಲ್ಲ ದನದ ಕೊಟ್ಟಿಗೆಯಲ್ಲೇ ಮಲಗುತ್ತಿದ್ದರು. ಕಿತ್ತ ಇಟ್ಟಿಗೆ, ಹಂಚು, ಚಪ್ಪಡಿ ಒಂದೂ ವೇಸ್ಟ್ ಆಗಬಾರದು ಅಂತ ಅಪ್ಪನ ಆರ್ಡರ್. ದಾಕ್ಷಿಯ ಪಾಲಿಗೆ ಬಂದದ್ದು ಇಟ್ಟಿಗೆಗೆ ಅಂಟಿದ ಹಳೆ ಗಾರೆಯನ್ನು ಮುರುಕು ಕುಡುಗೋಲಿನಿಂದ ಕೆರೆಯುವ ಕೆಲಸ. ಸ್ಕೂಲಿಂದ ಬಂದ ಕೂಡಲೇ ಇಪ್ಪತ್ತು ಇಟ್ಟಿಗೆ! ಅಂಗೈಯೆಲ್ಲ ಬೊಬ್ಬೆ. ಐದನೇ ಕ್ಲಾಸಿನ ಯಾವ ಹುಡುಗಿಗೆ ತಾನೇ ಇದು ಇಷ್ಟವಾಗುತ್ತೆ ಹೇಳಿ.

ತಲೆಬಾಗಿಲಿಗೆ ಹೊಸದಾಗಿ ಮರದ ಹೊಸಿಲು ಬಂದಿತ್ತು. ಹಳೆಯ ಕಲ್ಲಿನ ಹೊಸಿಲನ್ನು ದೇವರ ಮನೆ ಬಾಗಿಲಿಗೆ ಇಡಿಸುತ್ತೇನೆ ಅಂತ ಅಪ್ಪ ಅಜ್ಜಿಗೆ ಮಾತು ಕೊಟ್ಟಿದ್ದರು. ಹೋದ ಶನಿವಾರ ಚಾಮರಾಜನಗರಕ್ಕೆ ಸಿಮೆಂಟ್ ತರಲು ಹೊರಟಾಗ, "ದಾಕ್ಷಿ, ಮಧ್ಯಾಹ್ನ ಮೇಸ್ತ್ರಿ ಬರ್ತಾನೆ. ಹೊಸಿಲ ಕಲ್ಲು ಯಾವುದು ಅಂತ ತೋರಿಸ್ಬುಡು. ಅವನು ಹೊಸಬ, ಗೊತ್ತಾಗಲ್ಲ," ಅಂದಿದ್ದರು.

ಮೇಸ್ತ್ರಿ ಮೂಗಯ್ಯ ಸಂತೆಮರಹಳ್ಳಿಯಿಂದ ಬಂದಾಗ ದಾಕ್ಷಿ ಪಕ್ಕದ ಮನೆ ಪ್ರಿಯಾಂಕಳ ಜೊತೆ ಕುಂಟೆಬಿಲ್ಲೆ ಆಡುತ್ತಿದ್ದಳು.

"ಅಮ್ಮಿ, ಒಸ್ಲು ಕಲ್ಲು ಯಾವ್ದವ್ವ?" ಅಂತ ಅವನು ಹಿತ್ತಲಿಂದ ಕೂಗಿದ.

ಹಿತ್ತಲಲ್ಲಿ ಏಳೆಂಟು ಚಪ್ಪಡಿಗಳು ಮಣ್ಣು ಮೆತ್ತಿಕೊಂಡು ಎಲ್ಲ ಒಂದೇ ಥರ ಬಿದ್ದಿದ್ದವು. ನೀರು ಹಾಕಿ ತೊಳೆದು ನೋಡಬೇಕಿತ್ತು. ಆದರೆ ಆಟದಲ್ಲಿ ಅವಳ ಸರದಿ ಬಂದಿತ್ತಲ್ಲ! "ಅದೇ, ಬೇಲಿ ಪಕ್ಕದ್ದು!" ಅಂತ ಬೆರಳು ತೋರಿಸಿ ಕುಂಟಿಕೊಂಡು ಹೋಗಿದ್ದಳು.

ಬೇಲಿ ಪಕ್ಕದ ಯಾವುದೋ ಕಲ್ಲು ದೇವರ ಮನೆ ಬಾಗಿಲಲ್ಲಿ ಕೂತಿತು. ನಿಜವಾದ ಹೊಸಿಲು ಉಳಿದ ಚಪ್ಪಡಿಗಳ ಜೊತೆ ಸೇರಿ ಬಚ್ಚಲಿಗೆ ಬಿತ್ತು.

"ಅಪ್ಪಂಗೆ ಹೇಳ್ತೀಯಾ ಅಜ್ಜಿ?" ದಾಕ್ಷಿ ಎಲ್ಲವನ್ನೂ ಹೇಳಿ ಮುಗಿಸಿ ಕೇಳಿದಳು.

ಅಜ್ಜಿ ಕಲ್ಲಿನ ಅಂಚನ್ನು ಬೆರಳಲ್ಲಿ ತಡಕಿದಳು. "ಸಿಮೆಂಟು ಆಗ್ಲೇ ಕಚ್ಕಂಡದೆ. ನಿಮ್ಮಪ್ಪ ಮೊದ್ಲೇ ಸೋತು ಸುಣ್ಣ ಆಗವ್ನೆ. ಸುಮ್ಕಿರು ಕೂಸೆ."

ಅಬ್ಬ! ಬೈಗುಳ ತಪ್ಪಿತು ಅಂತ ದಾಕ್ಷಿಗೆ ಹಗುರಾಯಿತು. ಆದರೆ ಅದು ಸಂಜೆಯವರೆಗೂ ಉಳಿಯಲಿಲ್ಲ. ಅವ್ವ ದೇವರ ಮನೆ ಬಾಗಿಲ ಕಲ್ಲಿಗೆ ಅರಿಶಿನ ಬಳಿದು, ಹೂವಿಟ್ಟು, "ಅತ್ತೆ, ಬನ್ನಿ, ಹೊಸಿಲು ಮುಟ್ಟಿ ನೋಡಿ," ಅಂತ ಕರೆದರು. ಅಜ್ಜಿ ಬಗ್ಗಿದಳು. ಮುಟ್ಟಿದಳು. "ಚಂದಾಗೈತೆ ಕಣವ್ವ," ಅಂದು ಎದ್ದು ಹೋದಳು. ದಾಕ್ಷಿಗೆ ಆ ಹೊತ್ತು ಊಟ ಸೇರಲಿಲ್ಲ.

ಮಾರನೇ ದಿನ ಕ್ಲಾಸಿನಲ್ಲಿ ಮೇಷ್ಟ್ರು, "ನಮ್ಮ ಜಿಲ್ಲೆ ಯಾವುದಮ್ಮ?" ಅಂದರೆ "ಮೈಸೂರು" ಅಂದುಬಿಟ್ಟಳು. ಚಾಮರಾಜನಗರ ಮೈಸೂರಿನಿಂದ ಬೇರೆಯಾಗಿ ತಾನೇ ಒಂದು ಜಿಲ್ಲೆಯಾಗಿ ಆಗಲೇ ಆರು ತಿಂಗಳು. ಕ್ಲಾಸೆಲ್ಲ ಗೊಳ್ಳೆಂದಿತು. ದಾಕ್ಷಿಗೆ ಅದರ ಕಡೆ ಗಮನವೇ ಇರಲಿಲ್ಲ.

ಗುರುವಾರ ಬಚ್ಚಲಲ್ಲಿ ಧಡ್ ಅಂತ ಸದ್ದಾಯಿತು. ಎಲ್ಲರೂ ಓಡಿದರು. ಅಜ್ಜಿ ಗೋಡೆಯ ಬುಡದಲ್ಲಿ ಬಿದ್ದಿದ್ದಳು. ಮೊಣಕೈ ತರಚಿ ರಕ್ತ ಬರುತ್ತಿತ್ತು.

"ಏನತ್ತೆ ನೀವು! ಜಾರಬಾರ್ದು ಅಂತ ಕಲ್ಲು ಹಾಕ್ಸಿದ್ರೆ, ಅದನ್ನ ಬಿಟ್ಟು ನುಣ್ಣಗಿರೋ ಸಿಮೆಂಟ್ ಮೇಲೆ ನಿಂತ್ಕಂಡ್ರಾ?" ಅವ್ವನಿಗೆ ಗಾಬರಿಯಲ್ಲಿ ಸಿಟ್ಟೂ ಬಂದಿತ್ತು.

"ಕಣ್ ಕಾಣಲ್ವಲ್ಲವ್ವ. ಗೊತ್ತಾಗ್ಲಿಲ್ಲ," ಅಂದಳು ಅಜ್ಜಿ.

ದಾಕ್ಷಿಗೆ ತಡೆಯಲಾಗಲಿಲ್ಲ. "ಸುಳ್ಳು! ಅಜ್ಜಿಗೆ ಗೊತ್ತು! ಅದು ಹೊಸಿಲು, ಅದಕ್ಕೇ ತುಳಿಯಲ್ಲ. ನಾನೇ ಮೇಸ್ತ್ರಿಗೆ ತಪ್ಪು ಕಲ್ಲು ತೋರಿಸ್ದೆ!" ಅಂತ ಜೋರಾಗಿ ಅತ್ತುಬಿಟ್ಟಳು.

ಅಪ್ಪ ಹೊಡೆಯಲಿಲ್ಲ, ಬೈಯಲೂ ಇಲ್ಲ. ಎರಡೇಟು ಕೊಟ್ಟಿದ್ದರೇ ವಾಸಿಯಿತ್ತು. ಸುಮ್ಮನೆ ಸೈಕಲ್ ಹತ್ತಿ ಮೂಗಯ್ಯನಿಗೆ ಹೇಳಿಕಳಿಸಲು ಹೋದರು.

ಶುಕ್ರವಾರ ಬೆಳಿಗ್ಗೆ ಮೂಗಯ್ಯ ಹಾರೆ, ಉಳಿ, ಸುತ್ತಿಗೆ ಹಿಡಿದು ಬಂದ. "ನಂದೂ ತಪ್ಪೇಯ ಸೋಮಣ್ಣ. ತೊಳ್ದು ನೋಡ್ಬೇಕಿತ್ತು ನಾನು. ನಿಧಾನಕ್ಕೆ ಎಬ್ಬುಸನ," ಅಂದ.

ಅಜ್ಜಿ ಹೊರಗೆ ಇಟ್ಟಿಗೆ ರಾಶಿಯ ಪಕ್ಕ ಕೂತು ಕಿವಿಗೊಟ್ಟಿದ್ದಳು. ಮೂಗಯ್ಯ ಕಲ್ಲಿನ ಸುತ್ತ ಸಿಮೆಂಟನ್ನು ಚೂರುಚೂರೇ ಬಿಡಿಸಿದ. ಟಕ್, ಟಕ್, ಟಕ್. ಆಮೇಲೆ ಹಾರೆ ಹಾಕಿ ಮೀಟಿದ. ಅಪ್ಪನೂ ಕೈ ಕೊಟ್ಟರು. ಕಲ್ಲು ಒಂದು ಕಡೆ ಎದ್ದಿತು. ಇನ್ನೊಂದು ಕಡೆ ಸಿಮೆಂಟ್ ಬಿಡಲಿಲ್ಲ. ಫಟ್ ಅಂತ ಸದ್ದಾಯಿತು.

ಮೂಗಯ್ಯ ಹಾರೆ ಬಿಟ್ಟು ತಲೆ ಮೇಲೆ ಕೈಯಿಟ್ಟುಕೊಂಡ.

"ಒಡೀತಾ?" ಹೊರಗಿಂದ ಅಜ್ಜಿ ಕೇಳಿದಳು.



ಅರ್ಧ ಕಲ್ಲು ಇಡಿಯಾಗಿ ಬಂತು. ಉಳಿದರ್ಧ ನಾಲ್ಕು ಚೂರಾಯಿತು. ಅಪ್ಪ ಆ ಅರ್ಧವನ್ನು ಹೊತ್ತು ತಂದು ಅಜ್ಜಿಯ ಮುಂದೆ ಇಳಿಸಿ, ಮುಖ ತಿರುಗಿಸಿಕೊಂಡು ನಿಂತರು. ಅಜ್ಜಿ ಅದನ್ನು ಸವರುತ್ತಾ ಹೋದಳು. ನುಣ್ಣಗಿದ್ದ ಕಲ್ಲು ಥಟ್ಟನೆ ಮುಗಿದು ಚೂಪು ಅಂಚು ಸಿಕ್ಕಿತು.

"ಅಜ್ಜಿ, ತಪ್ಪಾಯ್ತು," ಅಂದಳು ದಾಕ್ಷಿ.

"ಮದ್ವೆಯಾಗಿ ಬಂದಾಗ ನಂಗೆ ಹದ್ನಾಕು ವರ್ಸ," ಅಜ್ಜಿ ತನಗೆ ತಾನೇ ಹೇಳಿಕೊಳ್ಳುವಂತೆ ಅಂದಳು. "ಆಗ ಕಣ್ಣಿತ್ತು. ಕಣ್ ಓದ ಮ್ಯಾಲೆ, ಬೀದಿಯಿಂದ ಬಂದು ಕಾಲಿಗೆ ಇದು ಸಿಕ್ಕುದ್ರೆ ಸಾಕು, ಮನೆ ಸೇರ್ಕಂಡೆ ಅಂತ ಗೊತ್ತಾಗದು."

ಅವಳ ಕುರುಡು ಕಣ್ಣಿಂದ ನೀರು ಇಳಿಯಿತು. ಅಜ್ಜಿ ಅಳುವುದನ್ನು ದಾಕ್ಷಿ ಯಾವತ್ತೂ ನೋಡಿರಲಿಲ್ಲ. ಹಾಲು ಚೆಲ್ಲಿದರೂ, ಮಡಕೆ ಒಡೆದರೂ, ಪರೀಕ್ಷೆಯಲ್ಲಿ ಮಾರ್ಕ್ಸ್ ಕಮ್ಮಿ ಬಂದರೂ ಅಜ್ಜಿ "ಓಗ್ಲಿ ಬುಡು ಕೂಸೆ" ಅನ್ನುತ್ತಿದ್ದಳು. ಈಗಲೂ ಅನ್ನುತ್ತಾಳೆ ಅಂತ ದಾಕ್ಷಿ ಕಾದಳು. ಅಜ್ಜಿ ಅನ್ನಲಿಲ್ಲ.

ದಾಕ್ಷಿ ಇನ್ನೊಂದು ಸಲ "ತಪ್ಪಾಯ್ತು" ಅನ್ನಲು ಬಾಯಿ ತೆರೆದಳು. ಅಜ್ಜಿಯ ಬೆರಳು ಮುರಿದ ಅಂಚಿನಲ್ಲೇ ಓಡಾಡುತ್ತಿದ್ದವು. ಹಾಗೆ ಮತ್ತೆ ಮತ್ತೆ ಕ್ಷಮೆ ಕೇಳಿದರೆ ಸಮಾಧಾನವಾಗುವುದು ತನಗೆ, ಅಜ್ಜಿಗಲ್ಲ ಅನ್ನಿಸಿತು. ಬಾಯಿ ಮುಚ್ಚಿಕೊಂಡು ಅಜ್ಜಿಯ ಪಕ್ಕ ಕೂತಳು.

ಸ್ಕೂಲಿನ ಮೊದಲ ಬೆಲ್ ಹೊಡೆಯಿತು. ಹೊತ್ತಾಯ್ತು ಅಂತ ಯಾರೂ ಎಬ್ಬಿಸಲಿಲ್ಲ. ಅವಳೂ ಏಳಲಿಲ್ಲ.