ತಾಮ್ರದ ಕೊಡದ ನೀರು

"ಮುಚ್ಚಳ ತೆಗೀಬ್ಯಾಡ ನಯನಾ. ಮೀನು ಜಿಗಿದ್ರೆ ಸೀದಾ ಸೋಫಾ ಕೆಳಗೆ ಹೋಗಿ ಬೀಳ್ತಾವೆ."

ಅಂಜನ್ ಕುಮಾರ್ ತಿರುಗಿಯೂ ನೋಡದೆ ಹೇಳಿದ. ಅವನ ಎರಡೂ ಕೈ ಮೊಣಕೈವರೆಗೆ ಹಳೇ ಅಕ್ವೇರಿಯಮ್ಮಿನ ಉಪ್ಪುನೀರಿನಲ್ಲಿದ್ದವು. ನಯನಾ ಬಕೆಟ್ಟಿನಿಂದ ಕೈ ಹಿಂದಕ್ಕೆಳೆದುಕೊಂಡಳು. ಬೆನ್ನಿಗೂ ಕಣ್ಣಿದೆಯೇನೋ ಈ ಅಣ್ಣನಿಗೆ.

ಎರಡಡಿಯ ಹಳೇ ಟ್ಯಾಂಕಿನಲ್ಲಿ ಹವಳಗಳು ಗಾಜಿಗೆ ತಾಗುವಷ್ಟು ಬೆಳೆದಿದ್ದವು. ಅದಕ್ಕೇ ನಯನಾಳ ಅಪ್ಪಾಜಿ ಐದಡಿಯ ಹೊಸ ಟ್ಯಾಂಕ್ ತರಿಸಿದ್ದರು. ಒಳಗಿನ ಜೀವಗಳನ್ನೆಲ್ಲ ಇದರಿಂದ ಅದಕ್ಕೆ ದಾಟಿಸಲು, ಅಕ್ವೇರಿಯಂ ಕೆಲಸ ಮಾಡುವ ಅಂಜನ್ ಬೆಳಿಗ್ಗೆಯೇ ಹರಿಹರದಿಂದ ಬೈಕಿಗೆ ಬಕೆಟ್ಟು, ಪೈಪು ಕಟ್ಟಿಕೊಂಡು ಬಂದಿದ್ದ. ನಿಜಲಿಂಗಪ್ಪ ಬಡಾವಣೆಯ ಆ ಹಾಲ್ ತುಂಬ ಈಗ ಸಮುದ್ರದ ವಾಸನೆ. ನಯನಾ ಸಮುದ್ರ ನೋಡಿರಲಿಲ್ಲ. ಆದರೂ ಇದು ಅದರದೇ ವಾಸನೆ ಎಂದು ಅವಳಿಗೆ ಖಾತ್ರಿಯಾಗಿತ್ತು.

ಅವನು ಕೆಲಸ ಮಾಡುವುದನ್ನು ನೋಡುತ್ತ ಅವಳು ತಿಂಡಿಯನ್ನೇ ಮರೆತಿದ್ದಳು. ಹವಳವನ್ನು ಅವನು ಮೇಲಿನಿಂದ ಹಿಡಿಯುತ್ತಿರಲಿಲ್ಲ. ಅಡಿಯ ಕಲ್ಲಿಗೆ ಎರಡು ಬೆರಳು ಕೊಟ್ಟು, ಮಲಗಿದ ಮಗುವನ್ನು ಎತ್ತಿದ ಹಾಗೆ ಎತ್ತುತ್ತಿದ್ದ. ಸಿಗಡಿಯನ್ನಂತೂ ಹಿಡಿಯಲೇ ಇಲ್ಲ. ಅದರ ಹಿಂದೆ ಬೆರಳಿಟ್ಟು ಸುಮ್ಮನೆ ಕಾದ. ಕೆಂಪು ಮೈಗೆ ಬಿಳಿ ಪಟ್ಟೆಯ ಆ ಸಿಗಡಿ ತಾನಾಗಿಯೇ ಹಿಂದೆ ಹಿಂದೆ ನಡೆದು ಪ್ಲಾಸ್ಟಿಕ್ ಬಟ್ಟಲು ಹೊಕ್ಕಿತು.

ಮೀನಿಗೊಂದು ಬಕೆಟ್, ಹವಳಕ್ಕೊಂದು, ಸಿಗಡಿ ಮತ್ತು ಬಸವನಹುಳುಗಳಿಗೊಂದು. ಆದರೆ ಗಾಳಿ ಬಿಡುವ ಪಂಪಿಗೆ ಇದ್ದದ್ದು ಎರಡೇ ಪೈಪು. ಹತ್ತು ನಿಮಿಷದ ಮಾತು, ಏನೂ ಆಗಲ್ಲ ಎಂದಿದ್ದ ಅಂಜನ್.

ಅಪ್ಪಾಜಿ ಬಸವಪ್ರಭು ಸೋಫಾದಲ್ಲಿ ಕೂತು ಮೊಬೈಲಿನಲ್ಲಿ ವಿಡಿಯೋ ನೋಡುತ್ತಿದ್ದರು. ಇವರು ಹಿಂಗೆ ಮಾಡ್ತಾರೆ, ನೀನ್ಯಾಕೆ ಹಂಗೆ ಮಾಡ್ತೀಯ ಎಂದು ನಡುನಡುವೆ ಕೇಳುತ್ತಿದ್ದರು. ಅಂಜನ್ ಪ್ರತಿ ಸಲವೂ ಸಮಾಧಾನದಿಂದ ಉತ್ತರ ಕೊಡುತ್ತಿದ್ದ.

"ನೋಡಪ, ಎಂಟನೇ ಕ್ಲಾಸ್ ಬಿಟ್ಟೋನಿಗೆ ಇಷ್ಟು ದೊಡ್ಡ ಕೆಲಸ ಕೊಟ್ಟೀನಿ. ಒಂದು ಸತ್ರೂ ದಾವಣಗೆರೆಯಾಗೆ ಯಾರೂ ನಿನ್ನ ಕರಿಯಂಗಿಲ್ಲ, ಹಂಗೆ ಮಾಡ್ತೀನಿ," ಎಂದು ಅಪ್ಪಾಜಿ ನಕ್ಕರು.

ಅಂಜನ್ ಕೂಡ ನಕ್ಕ. ಆದರೆ ಅವನ ಕೈ ನೀರಿನಲ್ಲಿ ಒಂದು ಕ್ಷಣ ನಿಂತಿದ್ದು ನಯನಾಗೆ ಕಂಡಿತು. ಅವಳಿಗೆ ಅಪ್ಪಾಜಿಯ ಮೇಲೆ ಸಿಟ್ಟು ಬಂತು. ಮೊಬೈಲ್ ನೋಡಿಕೊಂಡು ಕೂತವರಿಗೆ ಏನು ಗೊತ್ತು?

ಹೊಸ ಟ್ಯಾಂಕಿಗೆ ಇನ್ನು ಒಂದು ಡ್ರಮ್ ನೀರು ಸೇರಿಸಿದರೆ ಮುಗಿಯಿತು. ನೀರು ಮೇಲಿನ ತೂತಿನವರೆಗೆ ಬಂದರೇ ದೊಡ್ಡ ಪಂಪ್ ಓಡುವುದು. ಪಂಪ್ ಓಡದೆ ಒಂದು ಜೀವವನ್ನೂ ಒಳಗೆ ಬಿಡುವುದಿಲ್ಲ ಎಂದು ಅಂಜನ್ ಮೊದಲೇ ಹೇಳಿದ್ದ. ಉಪ್ಪು ಬೆರೆಸಿದ ಆ ಡ್ರಮ್ಮು ಮೂಲೆಯಲ್ಲಿ ತಯಾರಾಗಿತ್ತು. ಒಂದು ತಾಸಿನ ಹಿಂದೆ ಅದಕ್ಕೆ ಒಂದು ಬಕೆಟ್ ನೀರು ಕಡಿಮೆ ಬಿದ್ದಾಗ ತಂದುಕೊಟ್ಟವಳು ನಯನಾನೇ. "ಫಿಲ್ಟರ್ ನೀರಾ?" ಎಂದು ಅವನು ಕೇಳಿದ್ದ. ಹೌದೆಂದು ತಲೆಯಾಡಿಸಿದ್ದಳು.

ಅಂಜನ್ ಡ್ರಮ್ಮಿಗೆ ಪೈಪು ಇಳಿಸುವಾಗ ಅಪ್ಪಾಜಿ ಒಂದು ನೀಲಿ ಬಾಟಲಿ ತಂದರು. ಮೀನಿಗೆ ಬಿಳಿ ಚುಕ್ಕೆ ರೋಗ ಬಂದರೆ ಇರಲಿ ಎಂದು ಅಂಗಡಿಯವನು ಕೊಟ್ಟ ಔಷಧಿಯಂತೆ. ಅಂಜನ್ ಕಣ್ಣು ಕಿರಿದು ಮಾಡಿ ಚೀಟಿ ಓದಿದ.

"ಇದನ್ನ ಹಾಕ್ಬ್ಯಾಡ್ರಿ ಸರ್. ಇದ್ರಾಗೆ ತಾಮ್ರ ಐತೆ. ಮೀನು ತಡ್ಕೊಂತಾವೆ. ಸಿಗಡಿ, ಬಸವನಹುಳ, ಹವಳ ಒಂದೂ ಉಳಿಯಲ್ಲ. ತಾಮ್ರ ಅಂದ್ರೆ ಅವಕ್ಕೆ ವಿಷ."

ನಯನಾ ಮೂಲೆಯ ಡ್ರಮ್ಮಿನತ್ತ ತಿರುಗಿದಳು.

ಫಿಲ್ಟರಿನಿಂದ ನೀರು ಸಣ್ಣಗೆ ಬರುತ್ತಿತ್ತು. ಅದಕ್ಕೆ ಅವಳು ಅಡುಗೆಮನೆ ಕಟ್ಟೆಯ ಮೇಲಿದ್ದ ಅಜ್ಜಿಯ ಕೊಡವನ್ನೇ ಬಕೆಟ್ಟಿಗೆ ಬಗ್ಗಿಸಿದ್ದಳು. ಹುಣಸೆಹಣ್ಣು ಹಚ್ಚಿ ತಿಕ್ಕಿದ, ಫಳಫಳ ಹೊಳೆಯುವ ತಾಮ್ರದ ಕೊಡ. ಅಜ್ಜಿ ದ್ರಾಕ್ಷಾಯಣಮ್ಮ ರಾತ್ರಿ ಫಿಲ್ಟರ್ ನೀರನ್ನೇ ಅದರಲ್ಲಿ ತುಂಬಿಟ್ಟು ಬೆಳಿಗ್ಗೆ ಎಲ್ಲರಿಗೂ ಒಂದೊಂದು ಲೋಟ ಕುಡಿಸುತ್ತಿದ್ದರು. ಮನೆಯಲ್ಲಿದ್ದ ಅತಿ ಒಳ್ಳೆಯ ನೀರು ಅದೇ. ಮೀನಿಗೂ ಅದನ್ನೇ ಕೊಡೋಣ ಅನ್ನಿಸಿತ್ತು.

ಈಗ ಬಾಯಿ ಬಿಟ್ಟರೆ ಅಪ್ಪಾಜಿ ಬೈಯದೆ ಇರುವುದಿಲ್ಲ. ಬಾಯಿ ಬಿಡದಿದ್ದರೆ ಸಿಗಡಿ ಸಾಯುತ್ತದೆ, ಸಾಯಿಸಿದವನು ಅಂಜನಣ್ಣ ಎಂದು ಊರೆಲ್ಲ ಹೇಳುತ್ತದೆ.

ಅಂಜನ್ ಡ್ರಮ್ಮಿನ ನೀರೆತ್ತುವ ಸಣ್ಣ ಮೋಟಾರಿನ ಸ್ವಿಚ್ಚಿಗೆ ಕೈ ಹಾಕಿದ.

"ಅಣ್ಣ, ಹಚ್ಬ್ಯಾಡ," ಎಂದಳು ನಯನಾ. "ನಾನು ತಂದಿದ್ದು ಅಜ್ಜಿ ಕೊಡದ ನೀರು. ತಾಮ್ರದ್ದು."

ಅಂಜನ್ ಸ್ವಿಚ್ಚಿನಿಂದ ಕೈ ತೆಗೆದ.

ಅಪ್ಪಾಜಿ ರೇಗಿದರು. ಯಾರು ಹೇಳಿದ್ರು ನಿಂಗೆ, ದೊಡ್ಡವರ ಕೆಲಸದಾಗೆ ಯಾಕೆ ಕೈ ಹಾಕ್ತೀಯ ಎಂದರು. ಅಜ್ಜಿ ಅಡುಗೆಮನೆಯಿಂದ ಬಂದು, ನಾನು ಎಪ್ಪತ್ತು ವರ್ಷದಿಂದ ಅದನ್ನೇ ಕುಡಿದು ಗಟ್ಟಿಯಾಗಿದೀನಿ, ಈ ಕೆಂಪು ಹುಳಕ್ಕೇನು ಧಾಡಿ ಎಂದರು. ಅಪ್ಪಾಜಿಗೂ ಅದು ಸರಿಯೆನ್ನಿಸಿತು. ಒಂದೇ ಬಕೆಟ್ ತಾನೆ, ಬಿಟ್ಟುಬಿಡು ಎಂದರು.

"ಆಗಲ್ಲ ಸರ್," ಎಂದ ಅಂಜನ್. ದನಿ ಏರಲಿಲ್ಲ. "ಏನೂ ಆಗ್ದೇನೂ ಇರಬಹುದು. ಆದ್ರೆ ಅದನ್ನ ಅವುಗಳ ಮೇಲೆ ಹಾಕಿ ನೋಡಾಕೆ ನನ್ನ ಕೈಲಿ ಆಗಲ್ಲ. ಮತ್ತೆ ಆಕಿಗೆ ಬೈಬ್ಯಾಡ್ರಿ. ಫಿಲ್ಟರ್ ನೀರಾ ಅಂದೆ, ಹೌದು ಅಂದ್ಳು. ಯಾವ ಪಾತ್ರೇದು ಅಂತ ನಾನು ಕೇಳ್ಲಿಲ್ಲ."

ಡ್ರಮ್ಮಿನ ನೀರು ಪೂರಾ ಚರಂಡಿಗೆ ಹೋಯಿತು. ತೆಂಗಿನ ಗಿಡಕ್ಕೆ ಹಾಕೋಣವೆಂದ ಅಪ್ಪಾಜಿಗೆ ಅದು ಉಪ್ಪುನೀರೆಂದು ನೆನಪಿಸಬೇಕಾಯಿತು. ಅಂಜನ್ ಡ್ರಮ್ಮನ್ನು ಮೂರು ಸಲ ತೊಳೆದ. ಅಪ್ಪಾಜಿ ಸ್ಕೂಟರಿನ ಮುಂದೆ ಕ್ಯಾನ್ ಇಟ್ಟುಕೊಂಡು ಶುದ್ಧ ನೀರಿನ ಘಟಕಕ್ಕೆ ಮೂರು ಸಲ ಓಡಾಡಿದರು.

ಹತ್ತು ನಿಮಿಷದ ಮಾತು ಎರಡು ತಾಸಾಯಿತು. ಗಾಳಿಯ ಪೈಪಿಲ್ಲದ ಮೂರನೇ ಬಕೆಟ್ಟಿನಲ್ಲಿ ಸಿಗಡಿ ಇತ್ತು. ಅಂಜನ್ ನಯನಾಳ ಕೈಗೆ ಪ್ಲಾಸ್ಟಿಕ್ ಮಗ್ ಕೊಟ್ಟ. ನೀರನ್ನು ಮೊಗೆದು, ಗೇಣೆತ್ತರದಿಂದ ಅದೇ ಬಕೆಟ್ಟಿಗೆ ಸುರಿಯಬೇಕು. ಬೀಳುವ ನೀರು ಗಾಳಿಯನ್ನು ಒಳಗೆ ಕರೆದೊಯ್ಯುತ್ತದೆ. ನಿಲ್ಲಿಸಬಾರದು.

ಅವಳು ಮೊಗೆದಳು, ಸುರಿದಳು. ತೋಳು ಸೋತು ಹೋಯಿತು. ಕೈ ಬದಲಿಸಿದಳು. ಕೊನೆಯ ಕ್ಯಾನ್ ಇಳಿಸಿ ಬಂದ ಅಪ್ಪಾಜಿ ಸ್ವಲ್ಪ ಹೊತ್ತು ನಿಂತು ನೋಡಿದರು. ಆಮೇಲೆ ಪ್ಯಾಂಟು ಮಡಿಸಿ ಅವಳ ಪಕ್ಕ ನೆಲದ ಮೇಲೆ ಕೂತು ಮಗ್ ತೆಗೆದುಕೊಂಡರು.

ಹೊಸ ಉಪ್ಪು ಕರಗಿ ನೀರು ತಿಳಿಯಾಯಿತು. ದೊಡ್ಡ ಪಂಪ್ ಗುಂಯ್ ಎಂದಿತು. ಮೊದಲು ಹವಳ, ಆಮೇಲೆ ಮೀನು, ಕೊನೆಗೆ ಬಸವನಹುಳು ಮತ್ತು ಸಿಗಡಿ. ಹೊಸ ನೀರನ್ನು ಬಕೆಟ್ಟಿಗೆ ಲೋಟ ಲೋಟವಾಗಿ ಸೇರಿಸಿ ಪಳಗಿಸಿಯೇ ಅವನು ಒಂದೊಂದನ್ನೂ ಒಳಗೆ ಬಿಟ್ಟ. ಸಿಗಡಿ ಕಲ್ಲಿನ ಮೇಲೆ ನಿಂತು ಉದ್ದ ಮೀಸೆಯನ್ನು ಆಚೀಚೆ ಆಡಿಸಿತು. ಐದಡಿ ಜಾಗದ ಮೇಲೆ ಅದಕ್ಕೆ ಇನ್ನೂ ನಂಬಿಕೆ ಬಂದಂತಿರಲಿಲ್ಲ.

ಅಜ್ಜಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದಿಟ್ಟರು. ಅಂಜನ್ ತಟ್ಟೆಗೆ ಕೈ ಹಾಕುವ ಮೊದಲು ಬ್ಯಾಗಿನಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಪುಟ್ಟ ನೋಟ್‌ಬುಕ್ ತೆಗೆದ. ನಯನಾ ಇಣುಕಿದಳು. ಸೊಟ್ಟ ಸೊಟ್ಟ ಅಕ್ಷರ. ಪ್ರತಿ ಸಾಲಿಗೂ ತಾರೀಖು.

"ಕೈಗೆ ಸೋಪು ಇತ್ತು. ಸಿಗಡಿ ಎರಡು."

"ಹಾಲ್‌ನಾಗೆ ಜಿರಳೆ ಸ್ಪ್ರೇ ಹೊಡೆದಿದ್ರು. ಸಿಗಡಿ ಮೂರು."

"ಕಲ್ಲು ಜಾರಿತು. ಕ್ಲೌನ್ ಮೀನು ಒಂದು."

"ಇವೆಲ್ಲ ಸತ್ತಿದ್ದಾ ಅಣ್ಣ?"

"ಹೂಂ. ನನ್ನ ಕೈಯಾಗೆ."

ಅವನು ಇವತ್ತಿನ ತಾರೀಖು ಹಾಕಿದ. "ನೀರು ಯಾವ ಪಾತ್ರೇದು ಅಂತ ಕೇಳಬೇಕು," ಎಂದು ನಿಧಾನವಾಗಿ ಬರೆದ.

ಅದರ ಮುಂದೆ ಯಾವ ಜೀವದ ಲೆಕ್ಕ ಬರೆಯುತ್ತಾನೋ ಎಂದು ನಯನಾ ಕಾದಳು. ಅಂಜನ್ ಪೆನ್ನಿನ ಕ್ಯಾಪ್ ಹಾಕಿ ಬಜ್ಜಿಗೆ ಕೈ ಚಾಚಿದ.

ಸಾಲಿನ ಕೊನೆಯಲ್ಲಿ ಉಳಿದ ಖಾಲಿ ಜಾಗವನ್ನು ಅವಳು ಬಹಳ ಹೊತ್ತು ನೋಡಿದಳು.