ಹೆಪ್ಪುಗಟ್ಟಿದ ಕಡಲ ಮೇಲೆ ಒಂದು ಚುಕ್ಕೆ

"ನನ್ನ ಫಿಲ್ಟರ್ ತೆಗೆದಿದ್ದು ನೀನೇನಾ?"

ಹೆಲ್ಮಿ ಅವನೊಂದಿಗೆ ಆಡಿದ ಮೊದಲ ಮಾತೇ ಇದು. ದಕ್ಷಿಣದ ದೊಡ್ಡ ನಗರ ತಾಂಪೆರೆಯಿಂದ ಉತ್ತರದ ಕಡಲತೀರದ ಔಲುವಿನ ಈ ಪ್ರಯೋಗಾಲಯಕ್ಕೆ ಬಂದು ವಾರವಷ್ಟೇ ಆಗಿದ್ದ ಯೂಸೋ, ಕಾಫಿ ಲೋಟ ಕೆಳಗಿಟ್ಟು ಹೌದೆಂದು ತಲೆಯಾಡಿಸಿದ.

ಅವಳಿಗೆ ಎದೆ ಉರಿಯಿತು.

ಹೆಪ್ಪುಗಟ್ಟಿದ ಕಡಲ ಮೇಲೆ ಓಡಾಡುವವರನ್ನು ಕಾಯುವ ಕ್ಯಾಮೆರಾ ಅದು. ಅದರ ಚಿಪ್‌ನೊಳಗಿನ ಸರ್ಕ್ಯೂಟನ್ನು ಬೇಕೆಂದಾಗ ಹೊಸದಾಗಿ ಹೆಣೆಯಬಹುದು. ಆ ಹೆಣಿಗೆಯಲ್ಲಿ ಹೆಲ್ಮಿಯ ಫಿಲ್ಟರ್‌ಗೆ ಒಂದೇ ಕೆಲಸ: ಸುತ್ತಲಿನವುಗಳೊಂದಿಗೆ ಹೊಂದದ ಒಂಟಿ ಚುಕ್ಕೆಯನ್ನು ಬೀಳುವ ಹಿಮವೆಂದು ಅಳಿಸುವುದು. ಮೂರು ಚಳಿಗಾಲ ಅದಕ್ಕೇ ಸವೆದಿದ್ದವು. ನಾಳೆ ರಕ್ಷಣಾ ದಳದವರು ನೋಡಲು ಬರುತ್ತಾರೆ. ಅವರು ಒಪ್ಪದಿದ್ದರೆ ಅವಳ ಕೆಲಸವೇ ಹೋಗುತ್ತದೆ.

"ದೊಡ್ಡ ಊರಿನವರು ಬಂದ್ರಲ್ಲ, ಇನ್ನು ನಮ್ದೆಲ್ಲ ಕಸ."

ಅವನು ಸುಮ್ಮನಿದ್ದ. ಎಷ್ಟು ಸೊಕ್ಕು... ಇಲ್ಲೂ ನಾನು ಬೇಡವಾದೆನಾ, ಎಂದುಕೊಂಡಳು ಹೆಲ್ಮಿ.

ಅಮ್ಮ ತೀರಿದ ಮೇಲೆ ಮನೆಯಲ್ಲಿ 'ಎಷ್ಟೊತ್ತಿಗೆ ಬರ್ತೀಯ' ಎಂದು ಕೇಳುವವರಿರಲಿಲ್ಲ. ಕೆಲಸ ಮುಗಿಸಿ ಸ್ಕೀ ಕಟ್ಟಿಕೊಂಡು ಒಬ್ಬಳೇ ಕಡಲ ಮೇಲೆ ಹೋಗುವುದು ಅವಳ ರೂಢಿ.

ಮೇಲಧಿಕಾರಿಗೆ ದೂರು ಹೇಳಲು ಎದ್ದಳು.

"ಮೊದ್ಲು ಇದನ್ನ ನೋಡು," ಎಂದ ಯೂಸೋ.

ಪರದೆಯ ಮೇಲೆ ಬೂದು ಮಂಜುಗಡ್ಡೆ, ದ್ವೀಪದ ಬಳಿ ಒಂದು ಬಿಳಿ ಚುಕ್ಕೆ. ಅವಳ ಫಿಲ್ಟರ್ ಹಾಕಿದ. ಚುಕ್ಕೆ ಮಾಯ.

"ಯಾರದು?"

"ನೀನು. ನಿನ್ನೆ ಸಂಜೆ."

ದಿನವೂ ಅವಳನ್ನು ಪರದೆಯಲ್ಲಿ ನೋಡುತ್ತಿದ್ದನಂತೆ; ದಡದ ಹತ್ತಿರವಿದ್ದಾಗ ಅವಳು ಚುಕ್ಕೆಗಿಂತ ದೊಡ್ಡದಾಗಿ ಕಾಣುತ್ತಿದ್ದಳಂತೆ. ನಿನ್ನೆ ದ್ವೀಪದವರೆಗೆ ಹೋದವಳು ಎಷ್ಟು ಹೊತ್ತಾದರೂ ಕಾಣದಿದ್ದಾಗ ದಡದವರೆಗೆ ಓಡಿದ್ದನಂತೆ. ಅವಳು ಮರಳುವುದು ಕಂಡ ಮೇಲೆ ಬಂದು ಫಿಲ್ಟರ್ ತೆಗೆದನಂತೆ.

ನನ್ನನ್ನು ನಾನೇ ಅಳಿಸಿಕೊಂಡಿದ್ದೆ... ಹೆಲ್ಮಿ ಪರದೆಯ ಮುಂದೆ ಕುಳಿತಳು.

"ಹೇಳೋಕೇನಾಗಿತ್ತು ನಿಂಗೆ?"

"ಏನಂತ ಹೇಳ್ಲಿ? ಒಂದು ವಾರದಿಂದ ನಮಸ್ಕಾರಾನೇ ಬಾಯಿಗೆ ಬರ್ತಿಲ್ಲ."

ಅವಳಿಗೆ ನಗು ಬಂತು, ಕಣ್ಣೂ ತುಂಬಿತು. "ಮತ್ತೆ ಹಿಮ? ಅದನ್ನ ಹೇಗೆ ಅಳಿಸ್ತೀಯ?"

"ಹಿಮದ ಚುಕ್ಕೆ ಮುಂದಿನ ಚಿತ್ರದಲ್ಲಿ ಅಲ್ಲಿರಲ್ಲ. ನೀನು ಇರ್ತೀಯ."

ಇಬ್ಬರೂ ಕೂತು ಅವಳ ಫಿಲ್ಟರನ್ನೇ ತಿದ್ದಿದರು. ಈಗ ಅದು ಹಿಂದಿನ ಚಿತ್ರವನ್ನೂ ನೋಡಿಯೇ ಅಳಿಸಬೇಕು. ಹೊಸ ಹೆಣಿಗೆ ಚಿಪ್‌ಗೆ ಇಳಿಯುವ ಹೊತ್ತಿಗೆ ಹೊರಗೆ ಕತ್ತಲಾಗಿ ಹಿಮ ಸುರಿಯುತ್ತಿತ್ತು. ಪರೀಕ್ಷೆಗೆ ಹೆಲ್ಮಿಯೇ ಸ್ಕೀ ಕಟ್ಟಿಕೊಂಡು ಹೊರಟಳು.

ದ್ವೀಪದ ಬಳಿ ನಿಂತು ಫೋನ್ ಮಾಡಿದಳು.

"ಕಾಣ್ತಿದೀನಾ?"

"ಕಾಣ್ತಿದೀಯ."

"ಇನ್ನೂ ದೂರ ಹೋಗ್ಲಾ?"

ಆ ಕಡೆ ಬಹಳ ಹೊತ್ತು ಮೌನ. ಈ ಸಲ ಅದು ಸೊಕ್ಕಲ್ಲವೆಂದು ಅವಳಿಗೆ ಗೊತ್ತಿತ್ತು.

"ಬೇಡ," ಎಂದ ಯೂಸೋ. "ವಾಪಸ್ ಬಾ."